ಹನ್ನೆರಡು ಕಳೆಯುವ ಚಿಕ್ಕಮಾದಪ್ಪ

ಹೊನ್ನೂರಿಗೆ ಕೈಗಡಿಯಾರ ಬಂದ ಮೇಲೆಯೇ ಹೊತ್ತು ಕೆಟ್ಟಿತು ಎಂದು ಹೇಳುವವರು ನಮ್ಮ ಕಡೆ ಈಗಲೂ ಇದ್ದಾರೆ. ಅದು ಅನ್ಯಾಯದ ಮಾತು. ಗಡಿಯಾರ ಪಾಪ, ಸರಿಯಾಗಿಯೇ ಓಡುತ್ತಿತ್ತು. ಅದನ್ನು ಕಟ್ಟಿಕೊಂಡ ಕೈ ಚಿಕ್ಕಮಾದಪ್ಪನದಾಗಿದ್ದರಿಂದ ಇಷ್ಟೆಲ್ಲ ಆಯಿತು.

ಚಿಕ್ಕಮಾದಪ್ಪ ಕೆಟ್ಟವನೆಂದು ಯಾರೂ ತಿಳಿಯಬಾರದು. ಸ್ವಲ್ಪ ಗದ್ದೆ, ಊರಾಚೆ ಒಂದು ತೆಂಗಿನ ತೋಟ, ತೋಟದಲ್ಲೊಂದು ಬಾವಿ, ಮನೆಯಲ್ಲಿ ಹೆಂಡತಿ ಶಂಕರಮ್ಮ, ಮದುವೆಗೆ ಬಂದ ಮಗಳು ಶಿವರತ್ನಮ್ಮ. ಕೇಳಿದವರಿಗೆ ಗಾಡಿ ಕೊಡುತ್ತಿದ್ದ, ಎತ್ತು ಕೊಡುತ್ತಿದ್ದ. ಕೇಳದವರಿಗೆ ಬುದ್ಧಿ ಕೊಡುತ್ತಿದ್ದ. ಇಂಥವನು ಊರಿಗೊಬ್ಬ ಇರಬೇಕು. ಇಬ್ಬರಿದ್ದರೆ ಊರು ಉಳಿಯುವುದಿಲ್ಲ.

ಕೊಳ್ಳೇಗಾಲ ಇನ್ನೂ ಮದರಾಸಿನವರ ಕೈಯಲ್ಲಿದ್ದ ಕಾಲದಲ್ಲಿ, ಅಲ್ಲಿದ್ದ ಭಾವಮೈದನ ಜಮೀನಿನ ಕೆಲಸಕ್ಕೆಂದು ಇವನು ಜೊತೆಯಾಗಿ ಜಿಲ್ಲಾ ಕಚೇರಿಯಿದ್ದ ಕೊಯಮತ್ತೂರಿಗೆ ಹೋಗಿದ್ದ. ಕೆಲಸ ಮುಗಿಸಿ, ಭಾವಮೈದನನ್ನು ಅಲ್ಲೇ ಬಿಟ್ಟು, ಒಬ್ಬನೇ ಈರೋಡಿನ ರೈಲು ಹಿಡಿಯಲು ಸ್ಟೇಷನ್ನಿಗೆ ಬಂದರೆ ಹಲಗೆಯ ಮೇಲೆ ರೈಲು ಹದಿನೈದು ಗಂಟೆಗೆ ಎಂದು ಬರೆದಿತ್ತು. ಗಂಟೆಗಳು ಹನ್ನೆರಡಕ್ಕೇ ಮುಗಿದುಹೋಗುತ್ತವೆಂದು ನಂಬಿದ್ದ ಚಿಕ್ಕಮಾದಪ್ಪ, ಇದೇನೋ ಮದರಾಸಿನವರು ಹೆಚ್ಚಿಗೆ ಇಟ್ಟುಕೊಂಡಿರುವ ಗಂಟೆ, ಬಂದಾಗ ಬರಲಿ ಎಂದು ಟವಲು ಹಾಸಿ ಮಲಗಿದ. ರೈಲು ಬಂತು, ನಿಂತಿತು, ಹೋಯಿತು. ಎಬ್ಬಿಸಿದ್ದು ಒಬ್ಬ ಪೋರ್ಟರು. ಹನ್ನೆರಡರ ಮೇಲಿದ್ದರೆ ಹನ್ನೆರಡು ಕಳೆಯಬೇಕು, ಕೆಳಗಿದ್ದರೆ ಹಾಗೇ ಬಿಡಬೇಕು ಎಂದು ತಮಿಳಿನಲ್ಲಿ ಬೈಯುತ್ತಾ ಕಲಿಸಿಕೊಟ್ಟ.

ಬೈಸಿಕೊಂಡು ಕಲಿತದ್ದು ಮರೆಯುವುದಿಲ್ಲ. ಚಿಕ್ಕಮಾದಪ್ಪ ಊರಿಗೆ ಮರಳಿದಾಗ ಕೈಯಲ್ಲೊಂದು ಗಡಿಯಾರವಿತ್ತು, ತಲೆಯಲ್ಲಿ ಈ ಒಂದು ಸೂತ್ರವಿತ್ತು. ಬೇರೆ ಏನೂ ಇರಲಿಲ್ಲ.

ಆಗ ನಮ್ಮೂರಿನಲ್ಲಿ ಹೊತ್ತು ಎಂದರೆ ಗಳಿಗೆ. ಸೂರ್ಯ ಹುಟ್ಟಿದ ಕೂಡಲೇ ಎಣಿಕೆ ಶುರು. ಒಂದು ಗಂಟೆಗೆ ಎರಡೂವರೆ ಗಳಿಗೆ. ಹಗಲು ಮೂವತ್ತು, ರಾತ್ರಿ ಮೂವತ್ತು. ಚಿಕ್ಕಮಾದಪ್ಪನ ಎದುರು ಮನೆಯಲ್ಲಿದ್ದ ಅಯ್ನೋರು ಪಂಚಾಂಗ ನೋಡಿ ಇಂತಿಷ್ಟು ಗಳಿಗೆಗೆ ಕೆಲಸವಾಗಬೇಕು ಎನ್ನುವರು. ಆ ದಿನ ಬಂದಾಗ ಕಂಬದ ನೆರಳು ನೋಡಿ, ಈಗ ಆಗಲಿ ಎನ್ನುವರು. ಯಾರಿಗೂ ತೊಂದರೆಯಿರಲಿಲ್ಲ. ಆದರೆ ಬಸ್ಸುಗಳು ಬಂದವು. ಬಸ್ಸು ಗಂಟೆಯ ಲೆಕ್ಕದಲ್ಲಿ ಬರುತ್ತದೆ, ಅಥವಾ ಬರುವುದಿಲ್ಲ. ಹೊರಗಿನ ನೆಂಟರಿಗೆ ಗಂಟೆ ಹೇಳಬೇಕಾಯಿತು.

ಪಕ್ಕದ ಮನೆಯ ಕೆಂಚಯ್ಯ ಹೊಸ ಮನೆ ಕಟ್ಟಿ, ಗೃಹಪ್ರವೇಶದ ಒಕ್ಕಲಿಗೆ ಅಯ್ನೋರಿಂದ ಹತ್ತು ಗಳಿಗೆ ಇಡಿಸಿಕೊಂಡು ಬಂದಿದ್ದ. ಕೊಳ್ಳೇಗಾಲದ ನೆಂಟರಿಗೆ ಹೇಳಿಕಳಿಸಬೇಕು.

"ಅಣ್ಣ, ಅತ್ತು ಗಳಿಗೆ ಅಂದ್ರೆ ಎಷ್ಟು ಗಂಟೆಯಣ್ಣ?" ಎಂದು ಚಿಕ್ಕಮಾದಪ್ಪನ ಜಗಲಿಗೆ ಬಂದು ಕೇಳಿದ.

ಚಿಕ್ಕಮಾದಪ್ಪ ಕಣ್ಣು ಮುಚ್ಚಿದ. "ಅತ್ತು ಅನ್ನೆರಡರ ಮೇಲಿದ್ದದೋ, ಕೆಳಗಿದ್ದದೋ?"

"ಕೆಳಗೇ ಕಣಣ್ಣ."

"ಹಂಗೇ ಬುಡು. ಅತ್ತು ಗಂಟೆ."

ಒಕ್ಕಲಿನ ದಿನ ಅಯ್ನೋರು ನೆರಳು ನೋಡಿ, "ಆಯ್ತು, ಹಾಲುಕ್ಕಿಸಿ" ಎಂದಾಗ ಚಿಕ್ಕಮಾದಪ್ಪ ತೋಳು ಮೇಲೆತ್ತಿ ಗಡಿಯಾರವನ್ನು ಎಲ್ಲರಿಗೂ ತೋರಿಸಿದ. ಸರಿಯಾಗಿ ಹತ್ತು. ಜನ ಹಾಲು ಉಕ್ಕಿದ್ದನ್ನು ಬಿಟ್ಟು ಗಡಿಯಾರವನ್ನೇ ನೋಡಿದರು.

ಇಲ್ಲಿ ಒಂದು ವಿಷಯವನ್ನು ಓದುಗರ ಮುಂದೆ ಇಟ್ಟುಬಿಡುವುದು ಒಳ್ಳೆಯದು. ಆರು ಗಂಟೆಗೆ ಸೂರ್ಯ ಹುಟ್ಟಿದರೆ ಹತ್ತನೆಯ ಗಳಿಗೆ ಹತ್ತು ಗಂಟೆಗೇ ಬೀಳುತ್ತದೆ. ಬೆಳಗಿನಿಂದ ಸಂಜೆಯವರೆಗೆ ಗಳಿಗೆಯೂ ಗಂಟೆಯೂ ಒಂದಾಗುವುದು ಅದೊಂದೇ ಸಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಆದರೆ ಆ ದಿನದಿಂದ ಕಾಗೆ ತನ್ನನ್ನು ಬಡಗಿ ಎಂದುಕೊಂಡಿತು.

ಗಂಟೆ ಕೇಳಲು ಬಂದವರನ್ನು ಚಿಕ್ಕಮಾದಪ್ಪ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. "ಲೇ, ಇವ್ರಿಗೆ ಕಾಪಿ ತತ್ತಾ" ಎಂದು ಒಳಗೆ ಕೂಗುತ್ತಿದ್ದ. ಊರಿನಲ್ಲಿ ಕಾಫಿ ಕಾಯಿಸುತ್ತಿದ್ದ ಮನೆಗಳು ಆಗ ಎರಡೋ ಮೂರೋ. ಹೀಗಾಗಿ ಗಳಿಗೆಯ ಬಗ್ಗೆ ಜನರಿಗೆ ವಿಪರೀತ ಸಂದೇಹಗಳು ಹುಟ್ಟತೊಡಗಿದವು. ಹೊಸ ಮೊರ ತರುವುದಕ್ಕೂ ಗಳಿಗೆ ಇಡಿಸಿ, ಅದನ್ನು ಗಂಟೆ ಮಾಡಿಸಿಕೊಳ್ಳಲು ಜಗಲಿಗೆ ಬಂದರು.

ಮೊದಲು ಏಟು ತಿಂದವನು ಮಾದಣ್ಣ. ಹೊಸ ಹಸುವನ್ನು ನಾಲ್ಕು ಗಳಿಗೆಗೆ ಮನೆಗೆ ತರಬೇಕೆಂದು ಅಯ್ನೋರು ಹೇಳಿದ್ದರು. "ನಾಕು ಕೆಳಗಿದ್ದದೆ, ಹಂಗೇ ಬುಡು" ಎಂದ ಚಿಕ್ಕಮಾದಪ್ಪನ ಮಾತು ನಂಬಿ ಮಾದಣ್ಣ ಕೋಳಿ ಕೂಗುವ ಮೊದಲೇ ಹಸುವನ್ನು ಹೊರಡಿಸಿದ. ದಾರಿಯಲ್ಲಿ ಹಸು ಕಾಲುವೆಗೆ ಬಿತ್ತು, ಅದನ್ನು ಎತ್ತಲು ಹೋಗಿ ಮಾದಣ್ಣನೂ ಬಿದ್ದ. ಹೇಗೋ ತಂದು ಕೊಟ್ಟಿಗೆಗೆ ಕಟ್ಟಿ, ಮೈ ಒರೆಸಿಕೊಂಡು ಕೂತಿದ್ದಾಗ, ಏಳೂವರೆ ದಾಟಿದ ಮೇಲೆ ಅಯ್ನೋರು ವಿಭೂತಿ ಹಿಡಿದುಕೊಂಡು ನಿಧಾನವಾಗಿ ಬಂದರು.

"ನಾಕು ಗಳಿಗೆ ಆಯ್ತು ಕಣಪ್ಪ. ಎಲ್ಲಿ ಅಸ, ತರಾನ."

ಮಾದಣ್ಣ ಎದ್ದ. ಹಸುವನ್ನು ಬಿಚ್ಚಿ ಊರ ಬಾಗಿಲವರೆಗೂ ಹೊಡೆದುಕೊಂಡು ಹೋಗಿ, ಮತ್ತೆ ಅಲ್ಲಿಂದ ಹೊಸದಾಗಿ ತಂದ.

ಇದು ತಿಳಿದ ಮೇಲೆ ಹೇಳಿಬಿಡಬಹುದಾಗಿತ್ತಲ್ಲ ಎಂದು ನೀವು ಕೇಳಬಹುದು. ಶಂಕರಮ್ಮ ಹೇಳಿ ನೋಡಿದಳು. "ಗಳಿಗೆಯೇ ಬ್ಯಾರೆ, ಗಂಟೆಯೇ ಬ್ಯಾರೆ ಅಂತಾರಲ್ಲ ಜನ" ಎಂದು, ಅನ್ನ ಬಡಿಸುವಾಗ, ತನ್ನ ಮಾತಲ್ಲದಂತೆ ಹೇಳಿದಳು. ಚಿಕ್ಕಮಾದಪ್ಪ ತಟ್ಟೆಯಲ್ಲೇ ಕೈ ತೊಳೆದ. "ಊರೆಲ್ಲ ನನ್ನ ನಂಬ್ತದೆ. ಕಟ್ಕಂಡೋಳು ನಂಬಕಿಲ್ಲ" ಎಂದು ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದ. ಎರಡು ದಿನ ಊಟ ಬಿಟ್ಟ. ಮಗಳು ಶಿವರತ್ನಮ್ಮ ಮಜ್ಜಿಗೆ ಲೋಟ ಹಿಡಿದುಕೊಂಡು, "ಅಪ್ಪ, ಆರು ಗಳಿಗೆ ಅಂದ್ರೆ ಎಷ್ಟಪ್ಪ ಗಂಟೆ?" ಎಂದು ಕೇಳಿದ ಮೇಲೆಯೇ ಎದ್ದು ಕೂತದ್ದು.

ಆವತ್ತಿನಿಂದ ಊರಿನಲ್ಲಿ ಒಂದು ನಡಾವಳಿ ಬಂತು. ಯಾರೂ ಕೂತು ತೀರ್ಮಾನಿಸಿದ್ದಲ್ಲ, ತಾನಾಗಿ ಬಂದದ್ದು. ಮೊದಲು ಚಿಕ್ಕಮಾದಪ್ಪನ ಜಗಲಿಗೆ ಹೋಗಿ ಗಂಟೆ ಕೇಳುವುದು. ಕಾಫಿ ಕುಡಿಯುವುದು. "ಸರಿ ಕಣಣ್ಣ, ಅಷ್ಟೊತ್ತಿಗೇ ಆಗ್ಲಿ" ಎಂದು ಏಳುವುದು. ಆಮೇಲೆ ಬೀದಿ ಸುತ್ತಿ ಅಯ್ನೋರ ಮನೆಯ ಹಿತ್ತಲಿಗೆ ಹೋಗಿ ನಿಜವಾದ ಗಂಟೆ ಕೇಳಿಕೊಳ್ಳುವುದು. ಮುಂಬಾಗಿಲಿಗೆ ಹೋದರೆ ಚಿಕ್ಕಮಾದಪ್ಪನ ಕಣ್ಣಿಗೆ ಬೀಳುತ್ತಿತ್ತು. ವರ್ಷ ಕಳೆಯುವುದರೊಳಗೆ ಆ ಹಿತ್ತಲಿಗೆ ಹುಲ್ಲು ಸವೆದು ಕಾಲುದಾರಿ ಬಿದ್ದಿತು.

ಈ ನಡಾವಳಿ ತಿಳಿಯದೆ ಕೆಟ್ಟವರು ಗ್ರಾಮಸೇವಕರು. ಬೇಸಾಯ ಕಲಿಸಲು ಸರ್ಕಾರ ಕಳಿಸಿದ್ದ ಅವರು ಪರ ಊರಿನವರು, ಓದಿದವರು. ಹೊನ್ನೂರಿನಲ್ಲಿ ಗಡಿಯಾರ ಕಟ್ಟಿದ ರೈತನನ್ನು ಕಂಡು ಅವರಿಗೆ ಕಣ್ಣಲ್ಲಿ ನೀರೇ ಬಂದಿತ್ತು. ಜಪಾನ್ ಪದ್ಧತಿಯ ನಾಟಿಯನ್ನು ತೋರಿಸಲು ದಿನ ಗೊತ್ತಾದಾಗ, ರೈತರು ನಾಟಿಗೆ ಹದಿನಾರು ಗಳಿಗೆ ಇಡಿಸಿಕೊಂಡರು.

"ಅಂದರೆ ಎಷ್ಟು ಗಂಟೆ ಮಾದಪ್ಪನವರೇ? ಬ್ಲಾಕ್ ಆಫೀಸರು ಜೀಪಿನಲ್ಲಿ ಬರುತ್ತಾರೆ" ಎಂದರು.

"ಅದಿನಾರು ಮೇಲಿದ್ದದೆ ಸಾ. ಅನ್ನೆರಡು ಕಳೀರಿ. ಸಾಯಂಕಾಲ ನಾಕು."

ಆಫೀಸರು ನಾಲ್ಕಕ್ಕೆ ಬಂದರು. ಜೊತೆಗೆ ಫೋಟೋ ತೆಗೆಯುವವನೂ ಬಂದ. ಹಿತ್ತಲಿನಲ್ಲಿ ಕೇಳಿಕೊಂಡಿದ್ದ ರೈತರು ನಡುಮಧ್ಯಾಹ್ನಕ್ಕೇ ನಾಟಿ ಶುರುಮಾಡಿ, ಮುಗಿಸಿ, ಕೈಕಾಲು ತೊಳೆದು ಮನೆ ಸೇರಿದ್ದರು. ಗದ್ದೆಯಲ್ಲಿ ಒಂದು ಕೊಕ್ಕರೆ ನಿಂತಿತ್ತು. ಆಫೀಸರು ಕೊಕ್ಕರೆಯನ್ನೂ ಗ್ರಾಮಸೇವಕರನ್ನೂ ಸರದಿಯಂತೆ ನೋಡಿದರು.

"ನಮ್ ಜನಕ್ಕೆ ಟೈಮ್ ಸೆನ್ಸ್ ಇಲ್ಲ ಸಾ. ನಾನೊಬ್ಬ ಏನ್ ಮಾಡಾಕಾಯ್ತದೆ" ಎಂದು ಚಿಕ್ಕಮಾದಪ್ಪ ಊರಿನ ಪರವಾಗಿ ತಲೆ ತಗ್ಗಿಸಿದ. ಊರಿನ ಬಗ್ಗೆ ಅವನಿಗೆ ನಿಜವಾಗಿಯೂ ನಾಚಿಕೆಯಾಗಿತ್ತು.

ಅವನಿಗೆ ಸೂತ್ರ ಕೈಕೊಟ್ಟದ್ದು ನಾನು ಕಂಡಂತೆ ಒಂದೇ ಸಲ. ಕಾಫಿಗೆ ಬಂದಿದ್ದ ಯಾರೋ ಇಪ್ಪತ್ತಾರು ಗಳಿಗೆ ಅಂದರೆ ಎಷ್ಟು ಎಂದುಬಿಟ್ಟರು. ಚಿಕ್ಕಮಾದಪ್ಪ ಹನ್ನೆರಡು ಕಳೆದ. ಹದಿನಾಲ್ಕು ಉಳಿಯಿತು. ಅದೂ ಹನ್ನೆರಡರ ಮೇಲಿತ್ತು. ಮತ್ತೆ ಕಳೆದ.

"ಎಲ್ಡು ಗಂಟೆ."

"ಅಗಲೋ ರಾತ್ರಿಯೋ ಅಣ್ಣ?"

ಜಗಲಿಯಲ್ಲಿ ಎಲ್ಲರೂ ಲೋಟ ಕೆಳಗಿಟ್ಟರು. ಚಿಕ್ಕಮಾದಪ್ಪ ಬಹಳ ಹೊತ್ತು ಯೋಚಿಸಿದ. "ಎಲ್ಡು ಸಲ ಕಳೆದಿವ್ನಿ ಅಲ್ವಾ. ಅದು ಮಾರನೇ ದಿನಕ್ಕೆ ಓಯ್ತದೆ" ಎಂದ. "ಸರಿ ಕಣಣ್ಣ" ಎಂದು ಎಲ್ಲರೂ ಗಂಭೀರವಾಗಿ ಲೋಟ ಎತ್ತಿಕೊಂಡರು.

ಹೀಗೆ ಊರು ಅವನನ್ನು ಹೊತ್ತುಕೊಂಡು ನಡೆಯುತ್ತಿತ್ತು. ಶಿವರತ್ನಮ್ಮನಿಗೆ ಗಂಡು ಗೊತ್ತಾಗದಿದ್ದರೆ ಇನ್ನೂ ಎಷ್ಟು ವರ್ಷ ನಡೆಯುತ್ತಿತ್ತೋ.

ಗಂಡು ಸತ್ತೇಗಾಲದ ಪುಟ್ಟಮಲ್ಲಪ್ಪನ ಮಗ. ಕಬ್ಬು, ಗದ್ದೆ, ತೆಂಗು ಎಲ್ಲ ಇದ್ದ ಮನೆ. ಆ ಮನೆಯಲ್ಲಿ ಪುಟ್ಟಮಲ್ಲಪ್ಪ ಮಾತಾಡುತ್ತಿದ್ದ, ಅವನ ತಾಯಿ ಗುರುಬಸಮ್ಮ ತೀರ್ಮಾನ ಮಾಡುತ್ತಿದ್ದಳು. ಮದುವೆ ಗೊತ್ತುಮಾಡುವ ವೀಳ್ಯಶಾಸ್ತ್ರ ಹೆಣ್ಣಿನ ಮನೆಯಲ್ಲಿ, ವೈಶಾಖದಲ್ಲಿ ಎಂದಾಯಿತು. ಅಯ್ನೋರು ಪಂಚಾಂಗ ನೋಡಿ ಹೇಳಿದರು. "ಹದಿಮೂರೂವರೆ ಗಳಿಗೆಗೆ ಒಳ್ಳೇ ಹೊತ್ತು ಹುಟ್ತದೆ. ಒಂದು ಗಳಿಗೆ ಇದ್ದು ಹೊರಟೋಯ್ತದೆ. ಅಷ್ಟರೊಳಗೆ ಹೆಣ್ಣಿನ ತಂದೆ ವೀಳ್ಯ ತಕಬೇಕು. ಆಮೇಲೆ ಈ ತಿಂಗಳಲ್ಲಿ ದಿನ ಇಲ್ಲ."

ಬೀಗರ ಮುಂದೆ ತನ್ನ ವಿದ್ಯೆ ತೋರಿಸಲು ಇದಕ್ಕಿಂತ ಬೇರೆ ಅವಕಾಶ ಬೇಕಿತ್ತೇ. ಚಿಕ್ಕಮಾದಪ್ಪ ಇಸ್ತ್ರಿ ಮಾಡಿಸಿದ ಶರಟಿನ ತೋಳು ಮಡಿಸಿ, ಗಡಿಯಾರ ಕಾಣುವಂತೆ ಮಾಡಿಕೊಂಡು ತಾನೇ ಸತ್ತೇಗಾಲಕ್ಕೆ ಹೋದ.

"ಸರಿಯಾಗಿ ಒಂದೂವರೆ ಗಂಟೆಗೆ ವೀಳ್ಯ, ಬೀಗರೆ" ಎಂದ.

ಒಳಬಾಗಿಲಲ್ಲಿ ಕೂತಿದ್ದ ಗುರುಬಸಮ್ಮ ತಲೆಯೆತ್ತಿದಳು. "ಅಯ್ನೋರು ಗಳಿಗೆ ಎಷ್ಟು ಅಂದವ್ರೆ ಮಗ?"

"ಅದಿಮೂರೂವರೆ ಕಣವ್ವ. ಅನ್ನೆರಡು ಕಳೆದು ನಾನೇ ಗಂಟೆ ಮಾಡ್ಕಂಡ್ ಬಂದಿವ್ನಿ."

ಮುದುಕಿ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿದಳು. ಒಮ್ಮೆ ಮಗ ಪುಟ್ಟಮಲ್ಲಪ್ಪನ ಮುಖ ನೋಡಿದಳು. ಮಗ ಸೂರು ನೋಡಿದ. ಹೊನ್ನೂರಿನ ಸುದ್ದಿ ಬಸ್ಸಿನಲ್ಲಿ ಅವರ ಮನೆಗೂ ಬಂದು ಮುಟ್ಟಿತ್ತು.

"ಸರಿ ಕಣಪ್ಪ, ಅಷ್ಟೊತ್ತಿಗೇ ಬತ್ತೀವಿ" ಎಂದಳು ಗುರುಬಸಮ್ಮ.

ವೀಳ್ಯದ ದಿನ ಚಪ್ಪರದಲ್ಲಿ ಎಲ್ಲರಿಗೂ ನಿಜವಾದ ಹೊತ್ತು ಗೊತ್ತಿತ್ತು. ಹನ್ನೊಂದು ದಾಟಿ ಸ್ವಲ್ಪ ಹೊತ್ತಿಗೆ. ಅಡಿಗೆಯವರಿಗೆ ಗೊತ್ತಿತ್ತು, ಓಲಗದವರಿಗೆ ಗೊತ್ತಿತ್ತು. ಗೊತ್ತಿಲ್ಲದವನು ಹೆಣ್ಣಿನ ತಂದೆಯೊಬ್ಬನೇ. ಅವನಿಗೆ ಹೇಳದೆ, ಅವನನ್ನು ಆ ಹೊತ್ತಿಗೆ ಸ್ನಾನ ಮಾಡಿಸಿ ಪಂಚೆ ಉಡಿಸಿ ಚಾಪೆಯ ಮೇಲೆ ಕೂರಿಸುವುದು ಹೇಗೆ ಎಂಬುದೇ ಮನೆಯವರಿಗೆ ವೀಳ್ಯಕ್ಕಿಂತ ದೊಡ್ಡ ಕೆಲಸವಾಗಿತ್ತು.

"ಬಿರ್ನೆ ಎಣ್ಣೆನೀರು ಮಾಡ್ಕಳಿ" ಎಂದು ಶಂಕರಮ್ಮ ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದಳು.

"ಒಂದೂವರೆಗೆ ಕಣೆ ವೀಳ್ಯ. ಈಗ್ಲೇ ಮಿಂದು ಕುಂತ್ರೆ ಆ ಹೊತ್ಗೆ ಬೆವರಿ ನಾರ್ತೀನಿ."

ಕೊನೆಗೆ ಅವಳು ಚಿಕ್ಕಮಾದಪ್ಪನ ಅಣ್ಣ ದೊಡ್ಡಮಾದಪ್ಪನಿಗೆ ಹೇಳಿ, ತಮ್ಮ ಕಣ್ಣು ತಪ್ಪದಂತೆ ನೋಡಿಕೊಳ್ಳಲು ಕಾವಲು ಹಾಕಿದಳು. ದೊಡ್ಡಮಾದಪ್ಪ ಒಳ್ಳೆಯ ಕಾವಲುಗಾರನೇ. ಆದರೆ ಓಲಗದವರು ಬಂದಾಗ ಅವರಿಗೆ ಎಲೆಯಡಿಕೆ ಕೊಡಲು ಒಂದು ಕ್ಷಣ ಎದ್ದ. ತಮ್ಮ ಒಳಗಿದ್ದಾನೆಂದು ಅಣ್ಣ ತಿಳಿದ. ಹೊರಗಿದ್ದಾನೆಂದು ಹೆಂಡತಿ ತಿಳಿದಳು. ಬಚ್ಚಲ ತುಂಬ ಅಡಿಗೆ ಪಾತ್ರೆ ಇದ್ದದ್ದನ್ನು ಕಂಡ ಚಿಕ್ಕಮಾದಪ್ಪ ಹರಳೆಣ್ಣೆ ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ತೋಟದ ಬಾವಿಯ ಕಡೆ ನಡೆದಿದ್ದ.

ಬೀಗರ ಎರಡು ಗಾಡಿಗಳು ಹನ್ನೊಂದಕ್ಕೇ ಬಂದವು. ಕಾಲಿಗೆ ನೀರು ಕೊಟ್ಟರು, ಪಾನಕ ಕೊಟ್ಟರು, ಚಾಪೆಯ ಮೇಲೆ ಕೂರಿಸಿದರು. ಅಯ್ನೋರು ಕಂಬದ ನೆರಳನ್ನು ನೋಡಿ, "ಹೊತ್ತು ಹುಟ್ತು. ಹೆಣ್ಣಿನ ತಂದೆ ಬರ್ಲಿ" ಎಂದರು.

ಬರಲಿಲ್ಲ.

"ಒಳಗವ್ನೆ" ಎಂದ ದೊಡ್ಡಮಾದಪ್ಪ. "ಹೊರಗವ್ರೆ" ಎಂದಳು ಶಂಕರಮ್ಮ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊಟ್ಟಿಗೆ ನೋಡಿದರು, ಅಟ್ಟ ನೋಡಿದರು. ಬೀಗರು ಮುಂದೆಯೇ ಕೂತಿದ್ದರಿಂದ ಗಾಬರಿಯಾಗುವಂತಿರಲಿಲ್ಲ; ಎಲ್ಲರೂ ಏನೋ ಬೇರೆ ವಸ್ತು ಹುಡುಕುತ್ತಿರುವಂತೆ ನಿಧಾನವಾಗಿ ಹುಡುಕಿದರು.

"ಏನಮ್ಮಾ ಕಳ್ದೋಗದೆ?" ಎಂದಳು ಗುರುಬಸಮ್ಮ.

"ಏನಿಲ್ಲ ಕಣವ್ವ, ನಮ್ಮನೇವ್ರು" ಎಂದಳು ಶಂಕರಮ್ಮ. ಸುಳ್ಳು ಹೇಳಲು ಅವಳಿಗೆ ಹೊತ್ತಿರಲಿಲ್ಲ.

ನೆರಳು ಸರಿಯುತ್ತಿತ್ತು. ಅಯ್ನೋರು ದೊಡ್ಡಮಾದಪ್ಪನನ್ನು ಕರೆದು, "ಅಣ್ಣ ಅಂದ್ರೆ ತಂದೆ ಸಮಾನ. ನೀನೇ ತಕಳಪ್ಪ. ಈ ಹೊತ್ತು ಹೋದ್ರೆ ಮತ್ತೆ ಇಲ್ಲ" ಎಂದರು. ಪುಟ್ಟಮಲ್ಲಪ್ಪ ತಟ್ಟೆ ಕೈಗೆತ್ತಿಕೊಂಡ. ದೊಡ್ಡಮಾದಪ್ಪ ಕೈ ಮುಂದೆ ಚಾಚುವುದೋ ಬೇಡವೋ ಎಂದು ನಿಂತ. ಆಗ ಒಳಗಿನಿಂದ ಶಿವರತ್ನಮ್ಮ ಬಾಗಿಲಿಗೆ ಬಂದಳು. ವೀಳ್ಯದ ಹೆಣ್ಣು ಬಾಯಿ ಬಿಡುವ ಪದ್ಧತಿ ನಮ್ಮಲ್ಲಿಲ್ಲ.

"ನಮ್ಮಪ್ಪ ಬರ್ಲಿ" ಎಂದಳು. "ನಮ್ಮಪ್ಪ ತಕಳ್ದಿದ್ರೆ ನಂಗೀ ವೀಳ್ಯ ಬ್ಯಾಡ."

ಬೀಗರು ಎದ್ದು ಹೋದರೂ ಹೋಗಬಹುದಾದ ಮಾತು ಅದು. ಚಿಕ್ಕಮಾದಪ್ಪ ಮೀಯಲು ಬಾವಿಗೇ ಹೋಗಿರಬೇಕೆಂದು ಹೊಳೆದು, ಕೆಂಚಯ್ಯ ಹಿಂದುಮುಂದು ನೋಡದೆ ತೋಟದ ಕಡೆ ಓಟ ಕಿತ್ತ.

ತೋಟದಲ್ಲಿ ಚಿಕ್ಕಮಾದಪ್ಪ ಲಂಗೋಟಿ ಕಟ್ಟಿ, ತಲೆಯಿಂದ ಕಾಲಿನವರೆಗೆ ಹರಳೆಣ್ಣೆ ಸವರಿಕೊಂಡು, ಎಣ್ಣೆ ಚೆನ್ನಾಗಿ ಇಳಿಯಲೆಂದು ಬಾವಿಯ ಕಟ್ಟೆಯ ಮೇಲೆ ಕೂತಿದ್ದ. ಹೊತ್ತಿನ ಮಹತ್ವದ ಬಗ್ಗೆ ಬೀಗರಿಗೆ ಆಡಬೇಕಾದ ಎರಡು ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದ.

"ಅಣ್ಣ, ಬೀಗರು ಬಂದು ಕುಂತವ್ರೆ" ಎಂದು ಕೆಂಚಯ್ಯ ಏದುಸಿರು ಬಿಟ್ಟ.

"ಈಗ್ಲೇ?" ಚಿಕ್ಕಮಾದಪ್ಪ ನಕ್ಕ. "ಸತ್ತೇಗಾಲದೋರಿಗೂ ಟೈಮ್ ಗೊತ್ತಾಗಕಿಲ್ಲ ಕಣ್ಲಾ. ಪಾನಕ ಕೊಡಿ. ಬತ್ತೀನಿ."

"ಪಾನಕ ಆಯ್ತು ಕಣಣ್ಣ. ಅದೂ... ಮುಹೂರ್ತ ವಸಿ ಮುಂದಕ್ಕೆ ಬಂದ್ಬುಟ್ಟದೆ."

"ಮುಹೂರ್ತ ಎಂಗ್ಲಾ ಮುಂದಕ್ಕೆ ಬತ್ತದೆ? ಅದೇನ್ ಬಸ್ಸಾ?"

"ಅಯ್ನೋರಿಗೆ ಹೊಟ್ಟೆನೋವು ಅಣ್ಣ. ಬಿರ್ನೆ ಮುಗಿಸ್ಬೇಕಂತೆ."

"ಸೋಡ ಕುಡಿಸಿ. ಒಂದೂವರೆ ಅಂದ್ರೆ ಒಂದೂವರೆ. ನಾನು ಮಾತು ಕೊಟ್ಟಿವ್ನಿ."

ಕೆಂಚಯ್ಯನ ಬಳಿ ಇದ್ದ ಸುಳ್ಳುಗಳು ಅವೆರಡೇ. ವರ್ಷದಿಂದ ಊರೆಲ್ಲ ಕಾಪಾಡಿಕೊಂಡು ಬಂದದ್ದನ್ನು ಅವನೊಬ್ಬನೇ ನಡುತೋಟದಲ್ಲಿ ಒಡೆಯಬೇಕಾಗಿ ಬಂತು. ಅವನು ಚಿಕ್ಕಮಾದಪ್ಪನ ಮುಖ ನೋಡದೆ ಬಾವಿಯೊಳಗೆ ನೋಡುತ್ತಾ ಹೇಳಿದ. "ಅಣ್ಣ, ಅದಿಮೂರೂವರೆ ಗಳಿಗೆ ಅಂದ್ರೆ ಈಗ್ಲೇ ಕಣಣ್ಣ. ಮೊದ್ಲಿಂದ್ಲೂ ಅದು ಈಗ್ಲೇಯ."

"ಯಾರ್ಲಾ ಏಳಿದ್ದು?"

"ಎಲ್ರೂ."

"ಎಲ್ರೂ ಅಂದ್ರೆ?"

"ಎಲ್ರೂ ಅಂದ್ರೆ ಎಲ್ರೂ ಕಣಣ್ಣ. ನಮ್ಮನೆ ಒಕ್ಕಲು ಒಂದೇ ನೀನೇಳಿದಂಗೆ ಸರಿ ಬಂದಿದ್ದು. ಮಿಕ್ಕಿದ್ದಕ್ಕೆಲ್ಲ ಅಯ್ನೋರ ಹಿತ್ತಲಿಗೆ ಓಗಿ ಕೇಳ್ಕತಿದ್ವಿ."

ಚಿಕ್ಕಮಾದಪ್ಪನ ಕಿವಿಯ ಹಿಂದಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. "ನಮ್ಮನೇವ್ಳೂ?"

ಕೆಂಚಯ್ಯ ತಲೆಯಾಡಿಸಿದ.

"ರತ್ನಿ?"

ಕೆಂಚಯ್ಯ ಅದಕ್ಕೂ ತಲೆಯಾಡಿಸಿದ.

"ಮತ್ತೆ ನನ್ ತಾವ ಯಾಕ್ಲಾ ಬತ್ತಿದ್ರಿ?"

"ನೀನು ನೊಂದ್ಕಬಾರ್ದು ಅಂತ" ಎಂದ ಕೆಂಚಯ್ಯ. ಸ್ವಲ್ಪ ತಡೆದು, ಸತ್ಯಕ್ಕೆ ನಿಂತ ಮೇಲೆ ಪೂರ್ತಿ ನಿಲ್ಲಬೇಕೆಂದೋ ಏನೋ, "ಕಾಪೀನೂ ಚೆನ್ನಾಗಿರ್ತಿತ್ತು" ಎಂದ.

ಚಿಕ್ಕಮಾದಪ್ಪನಿಗೆ ಮಾದಣ್ಣನ ಹಸು ನೆನಪಾಯಿತು. ಗದ್ದೆಯಲ್ಲಿ ನಿಂತಿದ್ದ ಕೊಕ್ಕರೆ ನೆನಪಾಯಿತು. ಸರಿ ಕಣಣ್ಣ ಎಂದು ಲೋಟ ಎತ್ತಿಕೊಂಡ ಮುಖಗಳೆಲ್ಲ ಒಂದೊಂದಾಗಿ ಬಂದವು. ಅವನಿಗೆ ಬಾವಿ ಹತ್ತಿರವೇ ಇತ್ತು. ಹಾರಿಬಿಡಲೇ ಎಂದೂ ಅನ್ನಿಸಿತಂತೆ; ಆದರೆ ಬೇಸಿಗೆಯಾದ್ದರಿಂದ ನೀರು ಮೊಣಕಾಲಿನವರೆಗೆ ಮಾತ್ರ ಇತ್ತು.

"ರತ್ನಿ ಏಳ್ಬುಟ್ಟವ್ಳೆ ಕಣಣ್ಣ" ಎಂದ ಕೆಂಚಯ್ಯ. "ನಮ್ಮಪ್ಪ ತಕಳ್ದಿದ್ರೆ ವೀಳ್ಯಾನೇ ಬ್ಯಾಡ ಅಂತ. ಬೀಗರ ಮುಂದೇನೇ."

ಆ ಮಾತು ಕಿವಿಗೆ ಬಿದ್ದ ಮೇಲೆ ಚಿಕ್ಕಮಾದಪ್ಪ ಕೂತಿರಲಿಲ್ಲ. ಪಂಚೆಯನ್ನು ಸುತ್ತಿಕೊಂಡನೋ ಹಿಡಿದುಕೊಂಡನೋ ಅವನಿಗೇ ತಿಳಿಯದು. ಶರಟು, ಗಡಿಯಾರ ಎರಡೂ ಬಾವಿಕಟ್ಟೆಯ ಮೇಲೆಯೇ ಉಳಿದವು. ನಡುಬಿಸಿಲಿನಲ್ಲಿ ಊರಿನ ನೇರ ಬೀದಿಯಲ್ಲಿ ಮೈಯೆಲ್ಲ ಎಣ್ಣೆಯಾಗಿ ಅವನು ಓಡಿಬಂದದ್ದನ್ನು ಹೊನ್ನೂರು ಪೂರ್ತಿ ನೋಡಿತು. ಯಾರೂ ನೋಡಲಿಲ್ಲವೆಂದು ಆಮೇಲೆ ಎಲ್ಲರೂ ಹೇಳಿದರು.

ಚಪ್ಪರದೊಳಗೆ ಅವನು ನುಗ್ಗಿದಾಗ ಕಂಬದ ನೆರಳು, ಹೊತ್ತು ಮುಗಿಯುವ ಗುರುತಿಗೆ ಅಯ್ನೋರು ಎಳೆದಿದ್ದ ಗೆರೆಯನ್ನು ಇನ್ನೇನು ಮುಟ್ಟುವುದರಲ್ಲಿತ್ತು. ದೊಡ್ಡಮಾದಪ್ಪ ತನ್ನ ಹೆಗಲ ಮೇಲಿನ ಶಲ್ಯ ತೆಗೆದು ತಮ್ಮನ ಮೈಗೆ ಹೊದಿಸಿದ. ಚಿಕ್ಕಮಾದಪ್ಪ ಮಂಡಿಯೂರಿ ಕೂತು ಎರಡೂ ಕೈ ಚಾಚಿದ. ಪುಟ್ಟಮಲ್ಲಪ್ಪ ಎಲೆ, ಅಡಿಕೆ, ತೆಂಗಿನಕಾಯಿ ಇದ್ದ ತಟ್ಟೆಯನ್ನು ಆ ಕೈಗಳ ಮೇಲಿಟ್ಟ.

ಹರಳೆಣ್ಣೆಯ ಕೈ. ತಟ್ಟೆ ಜಾರಿತು. ಕಾಯಿ ಉರುಳುತ್ತಾ ಹೋಗಿ ಗುರುಬಸಮ್ಮನ ಕಾಲಿಗೆ ಬಡಿದು ನಿಂತಿತು. ವೀಳ್ಯದ ಕಾಯಿ ಕೆಳಗೆ ಬೀಳುವುದು ಅಪಶಕುನವೆಂದು ಎಲ್ಲರಿಗೂ ಗೊತ್ತು. ಶಂಕರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಗುರುಬಸಮ್ಮ ಬಗ್ಗಿ ಕಾಯಿ ಎತ್ತಿಕೊಂಡಳು. ತಿರುಗಿಸಿ ನೋಡಿದಳು. ಸೆರಗಿನಲ್ಲಿ ಎಣ್ಣೆ ಒರೆಸಿದಳು.

"ಕಾಯಿ ನಮ್ ತಾವೇ ಬಂತಲ್ಲ. ಎಣ್ಣೂ ಬತ್ತಾಳೆ ಬುಡಿ" ಎಂದು ಅದನ್ನು ಮತ್ತೆ ಚಿಕ್ಕಮಾದಪ್ಪನ ಕೈಯಲ್ಲಿಟ್ಟು, ಜಾರದಂತೆ ತನ್ನ ಕೈಯನ್ನೂ ಅದರ ಮೇಲೆಯೇ ಇಟ್ಟುಕೊಂಡಳು. "ಆಯ್ತು" ಎಂದರು ಅಯ್ನೋರು. ಓಲಗ ಮೊಳಗಿತು.

ಬೈದಿದ್ದರೆ ಚಿಕ್ಕಮಾದಪ್ಪ ತಡೆದುಕೊಳ್ಳುತ್ತಿದ್ದ. ಕೊಯಮತ್ತೂರಿನಲ್ಲಿ ಬೈಸಿಕೊಂಡು ಅಭ್ಯಾಸವಿತ್ತು. ಯಾರೂ ಬೈಯಲಿಲ್ಲ. ಬೀಗರು ಎಣ್ಣೆಯನ್ನು ನೋಡಲಿಲ್ಲ, ಮಗಳು ತಂದೆಯ ಕಾಲಿಗೆ ಬಿದ್ದು ಎದ್ದು ನಕ್ಕಳು. ಅವನು ಮಾತ್ರ ತಲೆ ಎತ್ತದೆ ಚಾಪೆಯ ಹೆಣಿಗೆ ನೋಡುತ್ತಾ ಕೂತ.

ಕಡೆಗೆ ಮದುವೆಗೆ ದಿನ ಇಡುವ ಮಾತು ಬಂತು. ಅಯ್ನೋರು ಪಂಚಾಂಗ ತಿರುವಿ, ಜ್ಯೇಷ್ಠದಲ್ಲಿ ಒಂದು ದಿನ ಹೇಳಿ, "ಧಾರೆ ಆರೂಕಾಲು ಗಳಿಗೆಗೆ" ಎಂದು ಎದ್ದು, ಕೈಕಾಲು ತೊಳೆದು ಬರುತ್ತೇನೆಂದು ಎದುರಿನ ತಮ್ಮ ಮನೆಗೆ ಹೋದರು. ಗಂಟೆ ಎಷ್ಟೆಂದು ಅವರು ಹೇಳಿರಲಿಲ್ಲ. ಎಲ್ಲರ ಕಣ್ಣೂ ಅಭ್ಯಾಸಬಲದಿಂದ ಚಿಕ್ಕಮಾದಪ್ಪನ ಕಡೆ ತಿರುಗಿಬಿಟ್ಟವು. ತಿರುಗಿದ ಮೇಲೆ ವಾಪಸು ಎಳೆದುಕೊಳ್ಳುವುದೂ ಕಷ್ಟ. ಮರ್ಯಾದಸ್ಥನಾದ ಪುಟ್ಟಮಲ್ಲಪ್ಪ ಗಂಟಲು ಸರಿಮಾಡಿಕೊಂಡ.

"ಅಂದ್ರೆ ಎಷ್ಟು ಗಂಟೆಗೆ ಬತ್ತದೆ, ಬೀಗರೆ?"

ಬೀಗರು ತನಗೆ ಮರ್ಯಾದೆ ಕೊಡುತ್ತಿದ್ದಾರೆಂದು ಚಿಕ್ಕಮಾದಪ್ಪನಿಗೆ ಅರ್ಥವಾಯಿತು. ತಾನು ಆರು ಎಂದರೂ ಸರಿ, ಹದಿನಾರು ಎಂದರೂ ಸರಿ, ಇವರೆಲ್ಲ ಒಪ್ಪಿಕೊಂಡು ಏಳುತ್ತಾರೆ ಎಂಬುದೂ ಅರ್ಥವಾಯಿತು. ಗಡಿಯಾರವಿಲ್ಲದ ಮಣಿಕಟ್ಟನ್ನು ಶಲ್ಯದೊಳಗೆ ಎಳೆದುಕೊಂಡ.

"ನಂಗೆ ಗೊತ್ತಿಲ್ಲ" ಎಂದ.

ಹೊನ್ನೂರಿನಲ್ಲಿ ಅವನ ಬಾಯಿಂದ ಆ ಮಾತನ್ನು ಯಾರೂ ಕೇಳಿರಲಿಲ್ಲ. ಅದಕ್ಕೆ ಏನು ಉತ್ತರ ಕೊಡಬೇಕೆಂಬ ನಡಾವಳಿ ಊರಿನಲ್ಲಿ ಇರಲಿಲ್ಲ. ಕೆಂಚಯ್ಯ ಪೆಚ್ಚಾಗಿ, "ಸರಿ ಕಣಣ್ಣ, ಅಷ್ಟೊತ್ತಿಗೇ ಬತ್ತೀವಿ" ಎಂದು ಎದ್ದುಬಿಟ್ಟ. ಅವನ ಹಿಂದೆ ಮಾದಣ್ಣ ಎದ್ದ. ಒಬ್ಬರಾದ ಮೇಲೆ ಒಬ್ಬರು ಎಲೆ ಉಗುಳುವವರಂತೆ, ಎತ್ತಿಗೆ ಹುಲ್ಲು ಹಾಕುವವರಂತೆ ಜಾಗ ಖಾಲಿ ಮಾಡಿದರು. ಚಿಕ್ಕಮಾದಪ್ಪ ಸ್ವಲ್ಪ ಹೊತ್ತು ಒಬ್ಬನೇ ಕೂತಿದ್ದ. ಆಮೇಲೆ ತಾನೂ ಎದ್ದು ಶಲ್ಯ ಹಿಡಿದುಕೊಂಡು ಬೀದಿ ಸುತ್ತಿಕೊಂಡು ನಡೆದ.

ಅಯ್ನೋರ ಹಿತ್ತಲಿನ ಕಾಲುದಾರಿಯನ್ನು ಅವನು ಕಂಡದ್ದು ಅದೇ ಮೊದಲು. ಹಿತ್ತಲಿನಲ್ಲಿ ಎಲ್ಲರೂ ಇದ್ದರು. ದೊಡ್ಡಮಾದಪ್ಪನಿದ್ದ, ಶಂಕರಮ್ಮ ಇದ್ದಳು, ಪುಟ್ಟಮಲ್ಲಪ್ಪನೂ ಓಲಗದವರ ಹಿಂದೆ ನಿಂತಿದ್ದ. ಅವನನ್ನು ಕಂಡು ಒಬ್ಬೊಬ್ಬರೂ ತಲೆ ತಗ್ಗಿಸಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರು ಅವರೇ ಎಂಬಂತಿತ್ತು. ಕೆಂಚಯ್ಯ ಒತ್ತರಿಸಿ ಜಾಗ ಮಾಡಿಕೊಟ್ಟ. ಚಿಕ್ಕಮಾದಪ್ಪ ಎಲ್ಲರಿಗಿಂತ ಹಿಂದೆ ನಿಂತ.

ಚೊಂಬು ಹಿಡಿದುಕೊಂಡು ಹೊರಗೆ ಬಂದ ಅಯ್ನೋರು ಜನವನ್ನು ನೋಡಿದರು, ಕಡೆಯಲ್ಲಿದ್ದ ಅವನನ್ನೂ ನೋಡಿದರು.

"ಆರೂಕಾಲು ಗಳಿಗೆ ಅಂದ್ರೆ ಎಷ್ಟು ಗಂಟೆ ಬುದ್ಧೀ?" ಎಂದು ಚಿಕ್ಕಮಾದಪ್ಪನೇ ಕೇಳಿದ.

"ಎಂಟೂವರೆ ಕಣಪ್ಪ."

ಎಂಟೂವರೆ ಎಂದು ಅವನು ತುಟಿಯಲ್ಲೇ ಹೇಳಿಕೊಂಡ. ಹನ್ನೆರಡಕ್ಕಿಂತ ಕೆಳಗಿತ್ತು. ಆದರೂ ಅವನಿಗೆ ಧೈರ್ಯ ಬರಲಿಲ್ಲ.

"ಬೆಳಿಗ್ಗೇನಾ, ರಾತ್ರೀನಾ ಬುದ್ಧೀ?"

"ಬೆಳಿಗ್ಗೆ" ಎಂದರು ಅಯ್ನೋರು.

ಯಾರೂ ನಗಲಿಲ್ಲ. ಅದೊಂದನ್ನು ಮಾತ್ರ ಚಿಕ್ಕಮಾದಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ.